ತನಗಿಂತ ಬಲಿಷ್ಠ ಶತ್ರುವನ್ನು ನೇರವಾಗಿ ಕಾದಾಡದೆ ದಣಿಸುವುದು ಹೇಗೆ?

ಅವನು ಬಯಸಿದ ಯುದ್ಧವನ್ನು ಅವನಿಗೆ ಕೊಡದೆ, ಅವನ ಅನ್ನದ ದಾರಿಯನ್ನು ಕಡಿಯುವುದರಿಂದ. ಪರನಾಡಿಗೆ ನುಗ್ಗಿದ ಸೈನ್ಯಕ್ಕೆ ದಿನವೂ ಕಾಳು, ಮೇವು ಬೇಕು. ಸತ್ತವರ ಜಾಗಕ್ಕೆ ಹೊಸಬರು ಸುಲಭವಾಗಿ ಬರುವುದಿಲ್ಲ. ಕಾಲ ಕಳೆದಷ್ಟೂ ಸವೆಯುವವನು ಅವನೇ. ನಮ್ಮ ಹಾವೇರಿ ಕಡೆಯ ಕುಸ್ತಿಯಲ್ಲಿಯೂ ಚುರುಕಾದ ಹುಡುಗ ಭಾರೀ ಪೈಲ್ವಾನನ ಹಿಡಿತಕ್ಕೆ ಸಿಗದೆ, ಅವನಿಗೆ ಏದುಸಿರು ಬರುವವರೆಗೆ ಸುತ್ತಿಸುತ್ತಾನೆ.

ಕ್ರಿ.ಪೂ. 217ರಲ್ಲಿ ರೋಮಿನ ಸೇನಾಪತಿ ಫೇಬಿಯಸ್ ಬೆಟ್ಟಗಳ ಮೇಲೆಯೇ ಉಳಿದು, ಇಟಲಿಗೆ ನುಗ್ಗಿದ್ದ ಉತ್ತರ ಆಫ್ರಿಕಾದ ಕಾರ್ತೇಜಿನ ಸೇನಾಪತಿ ಹ್ಯಾನಿಬಲ್‌ನನ್ನು ಹಿಂಬಾಲಿಸಿದ. ಮೇವು ತರಲು ಹೋದ ತುಕಡಿಗಳನ್ನಷ್ಟೇ ಹೊಡೆದ. ಸ್ವಂತ ಜನರೇ ಅವನನ್ನು ಹಳಿದರು. ಅದನ್ನು ಸಹಿಸಿದ್ದೇ ಅವನ ದೊಡ್ಡ ಶೌರ್ಯ ಎಂದು ನನಗನಿಸುತ್ತದೆ. ಮರುವರ್ಷ ಇಟಲಿಯ ಕ್ಯಾನೆ ಎಂಬಲ್ಲಿ ಹ್ಯಾನಿಬಲ್‌ನೊಡನೆ ನೇರವಾಗಿ ಕಾದಿದ ರೋಮ್ ಹತ್ತಾರು ಸಾವಿರ ಸೈನಿಕರನ್ನು ಕಳೆದುಕೊಂಡು, ಮತ್ತೆ ಫೇಬಿಯಸ್‌ನ ದಾರಿಗೇ ಬಂದಿತು. ಕ್ರಿ.ಪೂ. 203ರವರೆಗೆ ಇಟಲಿಯಲ್ಲಿದ್ದರೂ ಹ್ಯಾನಿಬಲ್‌ಗೆ ರೋಮ್ ನಗರ ದಕ್ಕಲಿಲ್ಲ.