66ರಲ್ಲಿ ಮೊದಲ ಸಲ ಫುಲ್ ಬಾಡಿ ಚೆಕಪ್: ಉಪವಾಸ ಬಿಟ್ಟು ಇನ್ನೇನು ತಯಾರಿ ಬೇಕು?

ನಿಮ್ಮ ಊರು ಅಂಕೋಲಾ, ವಯಸ್ಸು 66, ಬಿಪಿ ಮತ್ತು ಸಕ್ಕರೆಗೆ ಗುಳಿಗೆ ನಡೆದಿದೆ, ಮಗ ಹುಬ್ಬಳ್ಳಿಯಲ್ಲಿ ಪ್ಯಾಕೇಜ್ ಬುಕ್ ಮಾಡುತ್ತೇನೆ ಅಂತಿದ್ದಾನೆ ಎಂದು ಬರೆದಿದ್ದೀರಿ. ನಾನು ಕುಮಟಾದವನು, ನಿಮಗಿಂತ ಸ್ವಲ್ಪ ದೊಡ್ಡವನು. ವೈದ್ಯನಲ್ಲ, ವರ್ಷಾ ವರ್ಷ ತಪಾಸಣೆ ಮಾಡಿಸಿಕೊಳ್ಳುವವನು ಅಷ್ಟೇ.

ಮೊದಲು ದಾರಿಯ ವಿಚಾರ. ಸಕ್ಕರೆ ಕಾಯಿಲೆ ಇರುವವರು ರಾತ್ರಿಯಿಂದ ಏನೂ ತಿನ್ನದೆ, ನಸುಕಿಗೆ ಎದ್ದು, ಅರಬೈಲ್ ಘಟ್ಟ ಹತ್ತಿ ಹುಬ್ಬಳ್ಳಿ ಮುಟ್ಟುವುದು ನನಗೆ ಸರಿ ಕಾಣುವುದಿಲ್ಲ. ಮಧ್ಯದಲ್ಲಿ ಸಕ್ಕರೆ ಇಳಿದು ಬೆವರು ಬಂದರೆ ಏನು ಮಾಡುತ್ತೀರಿ? ರಕ್ತ, ಮೂತ್ರ ಅಂಕೋಲಾದಲ್ಲೋ ಕಾರವಾರದಲ್ಲೋ ಕೊಡಿ. ರಿಪೋರ್ಟ್ ಹಿಡಿದು, ತಿಂಡಿ ತಿಂದು, ಇನ್ನೊಂದು ದಿನ ಆರಾಮಾಗಿ ಹೋಗಿ. ಅಲ್ಲೇ ಕೊಡಲೇಬೇಕು ಅಂದರೆ ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಉಳಿಯಿರಿ.

ಉಪವಾಸ ಅಂದರೆ 8ರಿಂದ 12 ಗಂಟೆ, ನಿಮ್ಮ ಲ್ಯಾಬ್ ಹೇಳಿದಷ್ಟು. ಏಕಾದಶಿಯ ಹಾಗೆ ಹಾಲು-ಹಣ್ಣು ನಡೆಯುವುದಿಲ್ಲ. ಬೆಲ್ಲ ಹಾಕಿದ ಕಷಾಯವೂ ಬೇಡ, ಕವಳವೂ (ಎಲೆ-ಅಡಿಕೆ) ಬೇಡ. ನೀರು ಮಾತ್ರ ಬಿಡಬೇಡಿ. ನಮ್ಮ ಕರಾವಳಿಯ ಸೆಕೆಯಲ್ಲಿ ನೀರು ಕುಡಿಯದೆ ಹೋದರೆ ನರ ಸಿಗುವುದು ಕಷ್ಟ, ಕಿಡ್ನಿ ಹೇಗಿದೆ ಅಂತ ತೋರಿಸುವ ಕ್ರಿಯಾಟಿನಿನ್ ಕೂಡ ಸುಮ್ನೆ ಜಾಸ್ತಿ ಬರಬಹುದು. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿಗೆ ಉಪವಾಸವೇ ಬೇಕಿಲ್ಲ. ಬಿಪಿ ಗುಳಿಗೆಯನ್ನು ಸಾಮಾನ್ಯವಾಗಿ ಆ ಬೆಳಿಗ್ಗೆಯೂ ನೀರಿನ ಜೊತೆ ತಗೊಳ್ಳಲು ಹೇಳುತ್ತಾರೆ. ಸಕ್ಕರೆ ಗುಳಿಗೆ, ಇನ್ಸುಲಿನ್ ಊಟದ ತನಕ ತಡೆಯಲು ಹೇಳುತ್ತಾರೆ. ಆದರೂ ನಿಮ್ಮ ಡಾಕ್ಟರನ್ನು ಮೊದಲೇ ಒಂದು ಮಾತು ಕೇಳಿ.

ಇವೆಲ್ಲ ಲ್ಯಾಬಿನವರೂ ಹೇಳುತ್ತಾರೆ. ಯಾರೂ ಹೇಳದ ತಯಾರಿ ಇನ್ನೊಂದಿದೆ. ಮನೆಯಲ್ಲಿರುವ ಅಷ್ಟೂ ಔಷಧಿಯನ್ನು ಒಂದು ಚೀಲಕ್ಕೆ ಹಾಕಿ ಒಯ್ಯಿರಿ. ಮಂಡಿನೋವಿಗೆ ಅಂಗಡಿಯಿಂದ ತಂದ ಗುಳಿಗೆ, ಆಯುರ್ವೇದದ ಚೂರ್ಣ, ಯಾರೋ ಕೊಟ್ಟ ನಾಟಿ ಮದ್ದು, ಎಲ್ಲ. ನೋವಿನ ಗುಳಿಗೆ ದಿನಾ ನುಂಗಿದರೆ ಕಿಡ್ನಿಗೂ ಪೆಟ್ಟು, ಬಿಪಿಯೂ ಏರುತ್ತದೆ. ಕೂದಲಿಗೆ ಅಂತ ತಗೊಳ್ಳುವ ಬಯೋಟಿನ್ ಥೈರಾಯ್ಡ್ ರಿಪೋರ್ಟನ್ನೇ ತಪ್ಪು ತೋರಿಸಬಹುದು. ಕಷಾಯದ ಪುಡಿ ಔಷಧಿಯಾ ಅಂತ ಸಂಕೋಚ ಬೇಡ, ಹೇಳಿಬಿಡಿ.

ಜೊತೆಗೆ ಒಂದು ಚೀಟಿ ಬರೆದಿಟ್ಟುಕೊಳ್ಳಿ. ಈ ವರ್ಷ ಎಲ್ಲಾದರೂ ಬಿದ್ದಿರಾ? ರಾತ್ರಿ ಎಷ್ಟು ಸಲ ಮೂತ್ರಕ್ಕೆ ಏಳುತ್ತೀರಿ? ಪಂಚೆ, ಅಂಗಿ ಕಾರಣವಿಲ್ಲದೆ ಸಡಿಲ ಆಗಿದೆಯಾ? ಕಿವಿ ಮಂದವಾ, ಮರೆವು ಜಾಸ್ತಿಯಾ? ಅಪ್ಪ-ಅಮ್ಮ, ಅಣ್ಣ-ತಮ್ಮಂದಿರಿಗೆ ಹೃದಯದ ತೊಂದರೆಯೋ ಕ್ಯಾನ್ಸರೋ ಯಾವ ವಯಸ್ಸಿಗೆ ಬಂತು? ರಕ್ತ ಪರೀಕ್ಷೆ ಇದನ್ನೆಲ್ಲ ಹೇಳುವುದಿಲ್ಲ. ಡಾಕ್ಟರ ಎದುರು ಕೂತಾಗ ನಮಗೂ ನೆನಪಾಗುವುದಿಲ್ಲ.

ಕವಳದ ಅಭ್ಯಾಸ ಇದ್ದರೆ ಬಾಯಿ ನೋಡಿ ಅಂತ ನೀವೇ ಕೇಳಿ. ನಮ್ಮ ಜಿಲ್ಲೆಯಲ್ಲಿ ಅದು ಇಲ್ಲದ ಮನೆ ಕಡಿಮೆ, ಅಲ್ವಾ? ತಂಬಾಕು ಹಾಕದಿದ್ದರೂ ಅಡಿಕೆಯೇ ಬಾಯಿ ಕ್ಯಾನ್ಸರಿಗೆ ಒಂದು ಕಾರಣ. ಎರಡು ವಾರ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಕಲೆ, ಬಾಯಿ ಪೂರ್ತಿ ತೆರೆಯಲು ಬಿಗಿತ ಇದ್ದರೆ ಮುಚ್ಚಿಡಬೇಡಿ. ಟಾರ್ಚ್ ಹಾಕಿ ನೋಡಲು ಒಂದು ನಿಮಿಷ ಸಾಕು. ದೊಡ್ಡ ಪ್ಯಾಕೇಜಿನಲ್ಲೂ ಇದು ಬಿಟ್ಟು ಹೋಗುತ್ತದೆ. ಸರ್ಕಾರಿ ತಾಲೂಕು ಆಸ್ಪತ್ರೆಯ ಎನ್‌ಸಿಡಿ (ಅಂಟದ ಕಾಯಿಲೆಗಳ) ವಿಭಾಗದಲ್ಲಿ ಬಿಪಿ, ಸಕ್ಕರೆ ಜೊತೆ ಬಾಯಿಯನ್ನೂ ಪುಕ್ಕಟೆ ನೋಡುತ್ತಾರೆ.

ಬಿಪಿ ನೋಡುವ ಮೊದಲು ಐದು ನಿಮಿಷ ಬೆನ್ನು ಒರಗಿಸಿ ಸುಮ್ಮನೆ ಕೂರಿ. ಅರ್ಧ ಗಂಟೆ ಮೊದಲಿಂದ ಚಹಾ ಬೇಡ. ಮೆಟ್ಟಿಲು ಹತ್ತಿ ಬಂದ ಕೂಡಲೇ ಪಟ್ಟಿ ಕಟ್ಟಲು ಬಂದರೆ 'ಸ್ವಲ್ಪ ತಡೆಯಿರಿ' ಅನ್ನಿ. ಹೊಟ್ಟೆಯ ಸ್ಕ್ಯಾನಿಂಗ್ ಇದ್ದರೆ ಮೂತ್ರ ಕಟ್ಟಿಕೊಂಡಿರಲು ಹೇಳುತ್ತಾರೆ, ಆದ್ದರಿಂದ ಮೂತ್ರ ಕೊಡುವುದೋ ಸ್ಕ್ಯಾನಿಂಗೋ, ಯಾವುದು ಮೊದಲು ಅಂತ ಕೇಳಿಕೊಳ್ಳಿ.

ಪ್ಯಾಕೇಜಿನಲ್ಲಿ ಎಷ್ಟು ಪರೀಕ್ಷೆ ಇದೆ ಅಂತ ಮಗ ಎಣಿಸುವುದು ಬೇಡ. ತೊಂದರೆ ಏನೂ ಇಲ್ಲದವರಿಗೆ ಸಿಇಎ ತರಹದ ಕ್ಯಾನ್ಸರ್ ಮಾರ್ಕರ್ (ರಕ್ತದಲ್ಲಿ ಕ್ಯಾನ್ಸರಿನ ಸುಳಿವು ಹುಡುಕುವ ಪರೀಕ್ಷೆ) ಮಾಡಿಸಿದರೆ ಹೆಚ್ಚಾಗಿ ಸಿಗುವುದು ಹೆದರಿಕೆಯೇ. ನಿಮಗೆ ಮುಖ್ಯವಾದದ್ದು ಕಿಡ್ನಿ, ಮೂತ್ರದ ಅಲ್ಬುಮಿನ್ (ಕಿಡ್ನಿಯಿಂದ ಸೋರುವ ಪ್ರೋಟೀನ್), ಕೊಲೆಸ್ಟ್ರಾಲ್, ಪಾದ ಮತ್ತು ಕಣ್ಣಿನ ಹಿಂಭಾಗ. ಕಣ್ಣಿಗೆ ಡ್ರಾಪ್ ಹಾಕಿದರೆ ಕೆಲವು ಗಂಟೆ ಮಂಜು ಮಂಜು. ಆ ದಿನ ಗಾಡಿ ಮಗನೇ ಓಡಿಸಲಿ.

ಬಿಲ್ ಇಟ್ಟುಕೊಳ್ಳಿ. ಹಳೆಯ ಪದ್ಧತಿಯಲ್ಲಿ ತೆರಿಗೆ ಕಟ್ಟುವವರಾದರೆ ತಪಾಸಣೆಗೆ 5,000 ರೂಪಾಯಿವರೆಗೆ ವಿನಾಯಿತಿ ಇದೆ, ನಗದು ಕೊಟ್ಟರೂ ನಡೆಯುತ್ತದೆ.