ಕೆಂಪು ಎಂದರೆ ಕೋಪವೇ? ಉಡುಪು, ಸೆಟ್ಟು, ಬಣ್ಣ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕೆಂಪು ಕೋಪಕ್ಕೆ, ನೀಲಿ ಶಾಂತಿಗೆ, ಹಸಿರು ಹೊಟ್ಟೆಕಿಚ್ಚಿಗೆ ಎಂಬ ಪಟ್ಟಿಗಳು ಎಲ್ಲೆಡೆ ಸಿಗುತ್ತವೆ. ಪಾತ್ರಗಳ ಉಡುಪನ್ನು ಹಾಗೇ ಆರಿಸಬಹುದೇ? (ಶಿವಮೊಗ್ಗದಿಂದ)

ಉತ್ತರ: ಪಟ್ಟಿಯನ್ನು ಪಕ್ಕಕ್ಕಿಡಿ. ಮದುಮಗಳು ಕೆಂಪು ಸೀರೆ ಉಟ್ಟರೆ ನಮ್ಮಲ್ಲಿ ಯಾರೂ ಕೋಪ ಎಂದುಕೊಳ್ಳುವುದಿಲ್ಲ. ಬಣ್ಣ ಮೊದಲು ಯಾರ ಮೈಮೇಲೆ ಕಂಡಿತು, ಮತ್ತೆ ಎಲ್ಲಿ ಮರಳಿತು ಎಂಬುದರಿಂದ ಅದಕ್ಕೆ ಆ ಚಿತ್ರದ ಮಟ್ಟಿಗೆ ಅರ್ಥ ಹುಟ್ಟುತ್ತದೆ.

ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ ಅವರ ‘ರಾನ್’ (1985) ನೋಡಿ. ಮುದಿ ಒಡೆಯನ ಮೂವರು ಗಂಡುಮಕ್ಕಳಿಗೆ ಹಳದಿ, ಕೆಂಪು, ನೀಲಿ. ಅವರವರ ದಂಡಿನ ಬಾವುಟಕ್ಕೂ ಅದೇ ಬಣ್ಣ. ಇಲ್ಲಿ ಬಣ್ಣದ ಮೊದಲ ಕೆಲಸ ಗುರುತು: ಮುಖ ಕಾಣದಷ್ಟು ದೂರದಿಂದಲೂ ಯಾರ ದಂಡು ಎಂದು ತಿಳಿಯಬೇಕು. ಆ ಗುರುತು ಕೂತ ಮೇಲೆ, ಅಪ್ಪನಿರುವ ಕೋಟೆಗೆ ಹಳದಿ, ಕೆಂಪು ಎರಡೂ ನುಗ್ಗಿದರೆ ಮಾತೇ ಬೇಡ. ಆ ಉಡುಪುಗಳಿಗೆ ಎಮಿ ವಾಡಾ ಆಸ್ಕರ್ ಪಡೆದರು. ಅವರೇ ಉಡುಪು ಮಾಡಿದ ಚೀನೀ ಚಿತ್ರ ‘ಹೀರೋ’ದಲ್ಲಿ (2002) ಲೆಕ್ಕವೇ ಬೇರೆ. ಹೆಸರಿಲ್ಲದ ಕತ್ತಿವೀರ ಮೊದಲು ಹೇಳುವ ಕಥೆ ಕೆಂಪು, ಅರಸ ಊಹಿಸುವುದು ನೀಲಿ, ನಿಜಕ್ಕೆ ನಡೆದದ್ದು ಬಿಳಿ. ಅದೇ ಪಾತ್ರಗಳು ಮೂರು ಬಣ್ಣ ಉಡುತ್ತವೆ. ಬಣ್ಣ ಅವರದಲ್ಲ, ಕಥೆ ಹೇಳುವವನದು.

ಪ್ರಶ್ನೆ: ಹದಿನೈದು ನಿಮಿಷದ ಕಿರುಚಿತ್ರ. ಮನೆ ಬಿಟ್ಟು ಹೊರಡುವ ಸೊಸೆಗೆ ಕೊನೆಯಲ್ಲಿ ಅರಿಸಿನ ಬಣ್ಣದ ಸೀರೆ ಉಡಿಸುವ ಆಸೆ. ದುಡ್ಡು ಕಡಿಮೆ. ಎಲ್ಲಿಂದ ಶುರು ಮಾಡಬೇಕು? (ಧಾರವಾಡದಿಂದ)

ಉತ್ತರ: ಸೀರೆ ಅಂಗಡಿಯಿಂದಲ್ಲ, ಗೋಡೆಯಿಂದ. ಬಾಡಿಗೆಗೆ ಸಿಗುವ ಮನೆಯ ಗೋಡೆ ಹಳದಿ ಡಿಸ್ಟೆಂಪರ್ ಆಗಿದ್ದರೆ ನಿಮ್ಮ ಅರಿಸಿನ ಅಲ್ಲೇ ಮುಳುಗಿತು. ಹಳದಿ ಪ್ಲಾಸ್ಟಿಕ್ ಬಕೆಟ್, ಕ್ಯಾಲೆಂಡರ್, ದಿಂಬಿನ ಕವರ್ ಎಲ್ಲವನ್ನೂ ಫ್ರೇಮಿನಿಂದ ಹೊರಗೆ ಹಾಕಿ. ಉಳಿದವರಿಗೆ ಬೂದು, ಕಂದು, ಮಾಸಿದ ನೀಲಿ ಸಾಕು.

ಒಂದು ಉದ್ದ ಹಾಳೆಯಲ್ಲಿ ಪ್ರತಿ ದೃಶ್ಯಕ್ಕೂ ಒಂದು ಕಾಲಂ ಮಾಡಿ, ಗೋಡೆ, ಸೊಸೆ, ಉಳಿದವರು ಎಂದು ಮೂರು ಬಟ್ಟೆ ಚೂರು ಅಂಟಿಸಿ. ಕಥೆಯ ಕ್ರಮದಲ್ಲೇ ಅಂಟಿಸಬೇಕು, ಶೂಟಿಂಗ್ ಕ್ರಮದಲ್ಲಲ್ಲ. ಹಳದಿ ಎಲ್ಲಿ ಬೇಗ ಬಂತು ಎಂಬುದು ಆಗ ಕಣ್ಣಿಗೆ ಬೀಳುತ್ತದೆ. ಅದನ್ನು ಒಮ್ಮೆಲೇ ಸುರಿಯಬೇಡಿ: ಮೊದಲು ಟ್ರಂಕಿನಲ್ಲಿ ಮಡಚಿಟ್ಟ ರವಿಕೆ ಕಣ, ಆಮೇಲೆ ಸೀರೆಯ ಅಂಚು, ಕೊನೆಗೆ ಪೂರ್ತಿ ಸೀರೆ.

ಸೀರೆಯನ್ನು ಗೋಡೆಗೆ ಹಿಡಿದು ಮೊಬೈಲಿನಲ್ಲಿ ಫೋಟೊ ತೆಗೆದು ಕಪ್ಪು ಬಿಳುಪಿಗೆ ತಿರುಗಿಸಿ. ಎರಡೂ ಒಂದೇ ಬೂದು ಬಣ್ಣವಾಗಿ ಕಂಡರೆ ಆಕೃತಿಯನ್ನು ಎತ್ತಿ ನಿಲ್ಲಿಸಲು ಬಣ್ಣದ ವ್ಯತ್ಯಾಸವೊಂದೇ ಉಳಿಯುತ್ತದೆ; ಇನ್ನಷ್ಟು ಎದ್ದು ಕಾಣಬೇಕಿದ್ದರೆ ಒಂದನ್ನು ಗಾಢ ಇಲ್ಲವೇ ತಿಳಿ ಮಾಡಿ.

ಮಾವನ ಬಿಳಿ ಪಂಚೆಯನ್ನು ಹಾಗೇ ಉಡಿಸಬೇಡಿ, ದೀಪದಡಿ ಕಣ್ಣು ಕುಕ್ಕುವ ಹಾಗೆ ಹೊಳೆಯುತ್ತದೆ. ಮೂರು ಲೀಟರ್ ನೀರಿಗೆ ನಾಲ್ಕು ದೊಡ್ಡ ಚಮಚ ಚಹಾ ಪುಡಿ, ಒಂದು ಚಮಚ ಉಪ್ಪು ಹಾಕಿ ಕುದಿಸಿ ಸೋಸಿ. ಪಂಚೆಯನ್ನು ಮೊದಲು ತಣ್ಣೀರಿನಲ್ಲಿ ನೆನೆಸಿಯೇ ಮುಳುಗಿಸಬೇಕು. ಒಣಗಿದ್ದನ್ನು ಹಾಕಿದರೆ ಕಲೆ ಕಲೆಯಾಗುತ್ತದೆ. ಹತ್ತು ನಿಮಿಷ ಕೈಯಾಡಿಸುತ್ತಿರಿ. ಒದ್ದೆಯಲ್ಲಿ ಗಾಢವಾಗಿ ಕಾಣುವುದು ಒಣಗಿದಾಗ ತಿಳಿಯಾಗುತ್ತದೆ, ಹೆದರಿ ಬೇಗ ತೆಗೆಯಬೇಡಿ. ಹತ್ತಿಗೆ ಇದು ಹಿಡಿಯುತ್ತದೆ, ಪಾಲಿಯೆಸ್ಟರಿಗೆ ಸರಿಯಾಗಿ ಹಿಡಿಯದು. ಕಂಟಿನ್ಯುಯಿಟಿಗೆ (ಒಂದು ಷಾಟಿನಿಂದ ಇನ್ನೊಂದಕ್ಕೆ ಉಡುಪು ಒಂದೇ ತರ ಕಾಣಲು) ಎರಡು ಪಂಚೆ ಬೇಕಿದ್ದರೆ ಎರಡನ್ನೂ ಒಂದೇ ಪಾತ್ರೆಯಲ್ಲಿ ಅದ್ದಿ.

ಪ್ರಶ್ನೆ: ಅಂಗಡಿಯಲ್ಲಿ ಕಡುಗೆಂಪಾಗಿದ್ದ ರೇಷ್ಮೆ ಸೀರೆ ತೆರೆಯ ಮೇಲೆ ಒಮ್ಮೆ ಇಟ್ಟಿಗೆ ಬಣ್ಣ, ಒಮ್ಮೆ ನೆರಿಗೆಯೇ ಇಲ್ಲದ ಕೆಂಪು ಮುದ್ದೆ. ಏಕೆ? (ಮೈಸೂರಿನಿಂದ)

ಉತ್ತರ: ಎರಡು ಬೇರೆ ತೊಂದರೆಗಳು. ಇಟ್ಟಿಗೆ ಬಣ್ಣಕ್ಕೆ ಬಹುಪಾಲು ಅಗ್ಗದ ಎಲ್‌ಇಡಿ ಕಾರಣ. ಡಬ್ಬದ ಮೇಲಿನ ಸಿಆರ್‌ಐ ಅಂಕಿ, ಅಂದರೆ ಆ ದೀಪದಡಿ ಬಣ್ಣ ಎಷ್ಟು ನಿಜವಾಗಿ ಕಾಣುತ್ತದೆ ಎಂಬ ಅಳತೆ, ಎಂಟು ಮಾದರಿ ಬಣ್ಣಗಳ ಸರಾಸರಿ. ಗಾಢ ಕೆಂಪು ಅದರಲ್ಲಿ ಸೇರಿಲ್ಲ. ಅದಕ್ಕೆ ಆರ್ 9 ಎಂಬ ಬೇರೆ ಅಂಕಿ ಇದೆ, ಅದನ್ನೇ ಕೇಳಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ 5600 ಕೆಲ್ವಿನ್‌ಗೆ (ಹಗಲ ಬೆಳಕಿಗೆ), ದೀಪ 3200ಕ್ಕೆ (ಹಳದಿ ಬೆಳಕಿಗೆ) ಇದ್ದರೂ ಕೆಂಪು ಕಿತ್ತಳೆಯತ್ತ ವಾಲುತ್ತದೆ. ಮುದ್ದೆಯಾಗುವುದಕ್ಕೆ ಕಾರಣ, ಕ್ಯಾಮೆರಾ ದಾಖಲಿಸುವ ಕೆಂಪು, ಹಸಿರು, ನೀಲಿ ಚಾನಲ್‌ಗಳಲ್ಲಿ ಕೆಂಪು ಒಂದೇ ತುಂಬಿಹೋಗುವುದು. ಒಟ್ಟು ಎಕ್ಸ್‌ಪೋಷರ್ ಸರಿಯಿದ್ದರೂ ಇದು ಆಗುತ್ತದೆ. ಮೂರು ಬಣ್ಣದ ಹಿಸ್ಟೋಗ್ರಾಂ (ಪ್ರತಿ ಬಣ್ಣ ಎಷ್ಟು ತುಂಬಿದೆ ಎಂದು ತೋರಿಸುವ ನಕ್ಷೆ) ನೋಡಿ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ, ಇಲ್ಲವೇ ಒಂದು ಛಾಯೆ ಗಾಢ ಸೀರೆ ತನ್ನಿ. ಗ್ರೇಡಿಂಗ್‌ನಲ್ಲಿ (ಆಮೇಲೆ ಬಣ್ಣ ತಿದ್ದುವಾಗ) ಸರಿಮಾಡುತ್ತೇವೆ ಎಂದವರನ್ನು ನಂಬಬೇಡಿ, ಅಳಿದ ನೆರಿಗೆ ಮರಳುವುದಿಲ್ಲ.

ಪ್ರಶ್ನೆ: ಕಪ್ಪು ಬಿಳುಪು ಕಾಲದಲ್ಲಿ ಉಡುಪಿನ ಬಣ್ಣ ಲೆಕ್ಕಕ್ಕಿತ್ತೇ? (ಉಡುಪಿಯಿಂದ)

ಉತ್ತರ: ಬೇಕಾದಷ್ಟು. ಮೂಕಿ ಚಿತ್ರಗಳ ಕಾಲದ ಆರ್ಥೋಕ್ರೊಮ್ಯಾಟಿಕ್ ಫಿಲ್ಮಿಗೆ ಕೆಂಪು ಕಾಣುತ್ತಿರಲಿಲ್ಲ: ಕೆಂಪು ಸೀರೆ ಕಪ್ಪಾಗಿ, ತಿಳಿನೀಲಿ ಬಿಳಿಯಾಗಿ ಮೂಡುತ್ತಿತ್ತು. ಕನ್ನಡದ ಮೊದಲ ಪೂರ್ಣ ವರ್ಣಚಿತ್ರ ‘ಅಮರಶಿಲ್ಪಿ ಜಕಣಾಚಾರಿ’ ಬಂದದ್ದು 1964ರಲ್ಲಿ. ಬಣ್ಣದ ಫಿಲ್ಮಿನಲ್ಲೂ ಉಡುಪಿನಿಂದಲೇ ಬಣ್ಣವಿಲ್ಲದ ಲೋಕ ಕಟ್ಟಿದ್ದುಂಟು. ‘ದಿ ವಿಝಾರ್ಡ್ ಆಫ್ ಆಝ್’ (1939) ಚಿತ್ರದಲ್ಲಿ ಕಂದು ಲೋಕದಿಂದ ಬಣ್ಣದ ಲೋಕಕ್ಕೆ ಬಾಗಿಲು ತೆರೆಯುವ ಷಾಟ್ ಪೂರ್ತಿ ಬಣ್ಣದ ಫಿಲ್ಮಿನಲ್ಲೇ ತೆಗೆದದ್ದು. ಮನೆಯ ಒಳಭಾಗಕ್ಕೆ ಕಂದು ಬಳಿದು, ಕಂದು ಛಾಯೆಯ ಉಡುಪು ತೊಟ್ಟ ಡ್ಯೂಪ್‌ನಿಂದ ಬಾಗಿಲು ತೆರೆಸಿದರು. ಆಕೆ ಮರೆಗೆ ಸರಿದ ಮೇಲೆ ನೀಲಿ ಉಡುಪಿನ ಜೂಡಿ ಗಾರ್ಲೆಂಡ್ ಹೊರಗೆ ನಡೆದರು.