ಬಡಾವಣೆಯ ಮಕ್ಕಳಿಗೆ ಓಡಾಡಲು, ಸೈಕಲ್ ಹೊಡೆಯಲು ಒಂದು ದಾರಿ: ದುಡ್ಡು ಯಾರನ್ನು ಕೇಳಬೇಕು?

ನಿಮ್ಮ ಬಡಾವಣೆಯ ಹಿಂದೆ ಹಳ್ಳದ ದಂಡೆ ಖಾಲಿ ಬಿದ್ದಿದೆ, ಒಂದು ತುದಿಗೆ ಶಾಲೆ, ಇನ್ನೊಂದು ತುದಿಗೆ ಪಾರ್ಕು. ಅಲ್ಲೊಂದು ದಾರಿ ಆದರೆ ಮಕ್ಕಳು ಮೊಬೈಲ್ ಬಿಟ್ಟು ಹೊರಗೆ ಬರುತ್ತಾರೆ, ಆದರೆ ನಗರಸಭೆಯವರು "ಇದಕ್ಕೆ ಯಾವ ಸ್ಕೀಮೂ ಇಲ್ಲ" ಅಂದುಬಿಟ್ಟರು, ಈಗ ಏನು ಮಾಡೋದು ಅಂತ ಕೇಳಿದ್ದೀರಿ. ನಾನು ಇಂಥ ಕಾಮಗಾರಿಗಳಿಗೆ ಎಸ್ಟಿಮೇಟ್ ಬರೆದುಕೊಡುವ ಕೆಲಸದಲ್ಲಿದ್ದೇನೆ. ಫೈಲು ಎಲ್ಲಿ ಓಡುತ್ತದೆ, ಎಲ್ಲಿ ಕೂತುಬಿಡುತ್ತದೆ ಅನ್ನೋದು ಸ್ವಲ್ಪ ಗೊತ್ತು.

ಅವರು ಹೇಳಿದ್ದು ಸುಳ್ಳಲ್ಲ. ಮಕ್ಕಳ ದಾರಿಗೆ ಅಂತ ಬಜೆಟ್‌ನಲ್ಲಿ ಬೇರೆ ತಲೆಬರಹ ಸಿಗುವುದು ಕಷ್ಟ. ಆದರೆ ಚರಂಡಿಗೆ ಇದೆ, ರಸ್ತೆಗೆ ಇದೆ, ಪಾರ್ಕಿಗೆ ಇದೆ, ಬೀದಿದೀಪಕ್ಕೆ ಇದೆ. ನಿಮ್ಮ ದಾರಿ ಇವುಗಳಲ್ಲಿ ಒಂದರ ಬೆನ್ನೇರಿಯೇ ಬರಬೇಕು. ಹಳ್ಳದ ಹೂಳೆತ್ತುವ, ತಡೆಗೋಡೆ ಕಟ್ಟುವ ಕೆಲಸ ಬಂತು ಅಂದುಕೊಳ್ಳಿ. ಜೆಸಿಬಿ, ಟಿಪ್ಪರ್ ಓಡಾಡಲು ಪಕ್ಕದಲ್ಲಿ ಹೇಗೂ ಮಣ್ಣು ಸಮ ಮಾಡಲೇಬೇಕು. ಕೆಲಸ ಮುಗಿದ ಮೇಲೆ ಅದನ್ನೇ ರೋಲರ್ ಹೊಡೆದು ಗಟ್ಟಿ ಮಾಡಿ ಬಿಟ್ಟುಕೊಡಬೇಕು ಅಂತ ಅಂದಾಜು ಪಟ್ಟಿಯಲ್ಲೇ ಬರೆಸಿದರೆ ದಾರಿಯ ಅರ್ಧ ಖರ್ಚು ಅಲ್ಲೇ ಕಳೆಯುತ್ತದೆ. ಟೆಂಡರ್ ಆದ ಮೇಲೆ ಹೋಗಿ ಕೇಳಿದರೆ ಯಾರೂ ಸೇರಿಸುವುದಿಲ್ಲ.

ಹುಬ್ಬಳ್ಳಿಯಲ್ಲಿ ಉಣಕಲ್ ನಾಲೆಯ ಪಕ್ಕ ಸೈಕಲ್ ಮತ್ತು ನಡಿಗೆ ದಾರಿ ಕೈಗೆತ್ತಿಕೊಂಡದ್ದು ಇದೇ ಲೆಕ್ಕದಲ್ಲಿ. ನಾಲೆ ಸುಧಾರಣೆ, ಗಿಡ, ದಾರಿ ಎಲ್ಲಾ ಸೇರಿ ಒಂದೇ ಯೋಜನೆ. 2018ರಲ್ಲಿ ಶುರುವಾದ ಸಿಟೀಸ್ ಅನ್ನುವ ಕೇಂದ್ರದ ಕಾರ್ಯಕ್ರಮದಲ್ಲಿ ಅದು ಆಯ್ಕೆಯಾಯಿತು. ಫ್ರಾನ್ಸಿನ ಅಭಿವೃದ್ಧಿ ಸಂಸ್ಥೆ ಎಎಫ್‌ಡಿ, ಐರೋಪ್ಯ ಒಕ್ಕೂಟದ ಹಣ ಅದರ ಹಿಂದಿತ್ತು. ನಿಮ್ಮೂರಿಗೆ ಫ್ರಾನ್ಸಿನ ದುಡ್ಡು ಬರಲಿಕ್ಕಿಲ್ಲ ಬಿಡಿ. ಬರೀ ಸೈಕಲ್ ದಾರಿ ಅಂತ ಹೋಗದೆ, ನಾಲೆಯನ್ನೂ ಜೊತೆಗೆ ಕಟ್ಟಿಕೊಂಡು ಹೋದರಲ್ಲ, ಅದನ್ನು ನೀವೂ ಮಾಡಬಹುದು.

ಈಗ ಜಾಗದ ವಿಷಯ. ದುಡ್ಡಿಗಿಂತ ಮುಂಚೆ ಫೈಲು ಸಾಯುವುದು ಇಲ್ಲೇ. ಹಳ್ಳದ ದಂಡೆ ಸರ್ಕಾರದ್ದೇ ಅಂತ ಊರೆಲ್ಲಾ ಹೇಳುತ್ತದೆ. ಅಳೆಯಲು ನಿಂತರೆ ಒಬ್ಬರ ಕಾಂಪೌಂಡ್ ಒಳಗೆ ಬಂದಿರುತ್ತದೆ, ಇನ್ನೊಬ್ಬರ ದನದ ಕೊಟ್ಟಿಗೆ ದಂಡೆಯ ಮೇಲೇ ಇರುತ್ತದೆ. ಗ್ರಾಮ ನಕಾಶೆಯ ಪ್ರತಿ ತೆಗೆಸಿ. ಹಳ್ಳ ಅದರಲ್ಲಿ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಅಂತ ಇದೆಯಾ ನೋಡಿ. ಹದ್ದುಬಸ್ತು (ಗಡಿಯ ಅಳತೆ) ಮಾಡಿಸಿ ಕಲ್ಲು ನೆಡಿಸಲು ನಗರಸಭೆಯಿಂದಲೇ ಸರ್ವೆ ಇಲಾಖೆಗೆ ಪತ್ರ ಹೋಗಲಿ. ಬಡಾವಣೆ ಖಾಸಗಿಯದಾದರೆ ಡೆವಲಪರ್ ರಸ್ತೆ, ಪಾರ್ಕುಗಳನ್ನು ನಗರಸಭೆಗೆ ಹಸ್ತಾಂತರ ಮಾಡಿದ್ದಾರಾ ಅಂತಲೂ ವಿಚಾರಿಸಿ. ಮಾಡಿಲ್ಲ ಅಂದರೆ ಅಲ್ಲಿ ಸಾರ್ವಜನಿಕ ಹಣ ಹಾಕಲು ಯಾವ ಎಂಜಿನಿಯರೂ ಸಹಿ ಹಾಕುವುದಿಲ್ಲ. ಆಡಿಟ್‌ನಲ್ಲಿ ಸಿಕ್ಕಿಕೊಳ್ಳೋದು ಅವರೇ ಅಲ್ವಾ?

ಜಾಗ ಗಟ್ಟಿಯಾದರೆ ದುಡ್ಡಿಗೆ ಬಾಗಿಲು ಕೆಲವಿವೆ. 15ನೇ ಹಣಕಾಸು ಆಯೋಗದ 2021-26ರ ಅನುದಾನದಲ್ಲಿ, ಹತ್ತು ಲಕ್ಷಕ್ಕಿಂತ ಕಡಿಮೆ ಜನರಿರುವ ಊರುಗಳಿಗೆ ಶೇ 60 ಭಾಗವನ್ನು ಕುಡಿಯುವ ನೀರು, ಸ್ವಚ್ಛತೆಗೇ ಕಟ್ಟಿಹಾಕಿದ್ದರು. ಉಳಿದ ಶೇ 40 ಮಾತ್ರ ಊರಿನ ಅಗತ್ಯ ನೋಡಿ ಬಳಸುವ ಹಣವಾಗಿತ್ತು. ಹೀಗೆ ಕೈಬಿಚ್ಚಿ ಬಳಸಬಹುದಾದ ಹಣಕ್ಕೆ ಎಲ್ಲರ ಕಣ್ಣೂ ಇರುತ್ತದೆ. ಹಾಗಾಗಿ ಬಜೆಟ್‌ಗೆ ಮುಂಚೆ ನಡೆಯುವ ಸಾರ್ವಜನಿಕ ಸಭೆಗೇ ಹೋಗಿ ಲಿಖಿತವಾಗಿ ಕೊಡಿ. ಕ್ರಿಯಾ ಯೋಜನೆಯಲ್ಲಿ, ಅಂದರೆ ಕೈಗೆತ್ತಿಕೊಳ್ಳುವ ಕಾಮಗಾರಿಗಳ ಪಟ್ಟಿಯಲ್ಲಿ, ಹೆಸರು ಬಂದರೆ ಅರ್ಧ ಗೆದ್ದಂತೆ.

ಶಾಸಕರ ಪ್ರದೇಶಾಭಿವೃದ್ಧಿ ನಿಧಿ ವರ್ಷಕ್ಕೆ 2 ಕೋಟಿ, ಸಂಸದರದ್ದು 5 ಕೋಟಿ. ಕೇಳಲು ದೊಡ್ಡದು. ಆದರೆ ಸಂಸದರ ನಿಧಿ ಇಡೀ ಲೋಕಸಭಾ ಕ್ಷೇತ್ರಕ್ಕೆ ಹಂಚಬೇಕು, ನನ್ನ ಅಭಿಪ್ರಾಯದಲ್ಲಿ ಶಾಸಕರೇ ವಾಸಿ. ಅವರ ಹತ್ತಿರ ಪೂರ್ತಿ ದಾರಿ ಕೇಳಬೇಡಿ. ಕಣ್ಣಿಗೆ ಕಾಣುವ ಒಂದು ತುಂಡು ಕೇಳಿ: ಹಳ್ಳ ದಾಟುವ ಕಾಲು ಸೇತುವೆ, ಇಲ್ಲವೇ ಶಾಲೆ ಕಡೆಯ ನೂರು ಮೀಟರ್. ಗುದ್ದಲಿ ಪೂಜೆಗೆ ಒಂದು ಫೋಟೋ ಆಗುವಂಥದ್ದು ಬೇಗ ಮಂಜೂರಾಗುತ್ತದೆ.

ಕಂಪನಿಗಳು ಸಮಾಜದ ಕೆಲಸಕ್ಕೆ ಕೊಡುವ ಸಿಎಸ್‌ಆರ್ ಹಣ ಗಿಡ, ಬೆಂಚು, ಆಟದ ಸಾಮಾನಿಗೆ ಸರಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈಬೆವರುವಷ್ಟು ಓಡಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಸಾಲನ್ನು ಸಿಎಸ್‌ಆರ್ ಅರ್ಜಿಯಲ್ಲಿ ಹಾಕಿ. ನಗರಸಭೆಯ ಅರ್ಜಿಯಲ್ಲಿ ಹಾಕಿದರೂ ಓದುವವರು ಕಡಿಮೆ, ಅಲ್ಲಿ ಸರ್ವೆ ನಕ್ಷೆಗೇ ಬೆಲೆ.

ಎಸ್ಟಿಮೇಟ್‌ನಲ್ಲಿ ಯಾವಾಗಲೂ ಬಿಟ್ಟುಹೋಗುವುದು ಎರಡು. ಒಂದು, ದಾರಿ ರಸ್ತೆಗೆ ಸೇರುವ ಜಾಗ. ಮುಖ್ಯರಸ್ತೆ ದಾಟದೆ ದಾರಿಗೆ ಬರಲಾಗದು ಅಂದರೆ ಏಳೆಂಟು ವರ್ಷದ ಮಗುವನ್ನು ಯಾವ ತಾಯಿ ಒಂಟಿಯಾಗಿ ಕಳಿಸುತ್ತಾಳೆ? ಬರೀ ಬಿಳಿ ಪಟ್ಟೆ ಬಳಿದರೆ ಬೈಕು ನಿಲ್ಲುವುದಿಲ್ಲ. ಫುಟ್‌ಪಾತ್ ಮಟ್ಟಕ್ಕೆ ಎತ್ತರಿಸಿದ ಜೀಬ್ರಾ ಬರೆಸಿ, ಅದು ಹಂಪ್‌ನ ಕೆಲಸವನ್ನೂ ಮಾಡುತ್ತದೆ. ಎರಡನೆಯದು, ವಾಹನ ನುಗ್ಗದಂತೆ ದಾರಿಯ ಬಾಯಿಗೆ ನೆಡುವ ಕಂಬ. ಅಗಲ ಬಿಟ್ಟರೆ ವಾರದೊಳಗೆ ಸ್ಕೂಟರಿನವರಿಗೆ ಅದು ಶಾರ್ಟ್‌ಕಟ್. ಒತ್ತಾಗಿ ನೆಟ್ಟರೆ ವೀಲ್‌ಚೇರ್, ಮಗುವಿನ ತಳ್ಳುಗಾಡಿ ಹೊರಗೇ. ಎರಡು ಅಡ್ಡಗಂಬಿಗಳನ್ನು ಹಿಂದೆಮುಂದೆ ಇಟ್ಟು ತಿರುಗಿ ಹೋಗುವಂತೆ ಮಾಡಿದರೆ ಸ್ವಲ್ಪ ಮಟ್ಟಿಗೆ ನಿಲ್ಲುತ್ತದೆ. ವೀಲ್‌ಚೇರ್ ತಿರುಗುವಷ್ಟು ಜಾಗ ಬಿಡಿಸಿ. ಪೂರ್ತಿ ತಡೆಯುವ ಗೇಟು ನಾನಂತೂ ನೋಡಿಲ್ಲ.

ನಿರ್ವಹಣೆಗೆ ಮೊದಲ ಒಂದೆರಡು ವರ್ಷ ಗುತ್ತಿಗೆದಾರರ ಹೊಣೆ ಅವಧಿ ಇರುತ್ತದೆ. ಕಲ್ಲು ಎದ್ದರೆ, ಸ್ಲ್ಯಾಬ್ ಒಡೆದರೆ ಆಗಲೇ ದೂರು ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ. ಆಮೇಲಿನ ಕಳೆ, ಕಸ, ದೀಪದ ಬಿಲ್ಲು ಪಾರ್ಕಿನ ಲೆಕ್ಕಕ್ಕೆ ಸೇರಬೇಕು. ದಾರಿಯನ್ನು ಪಾರ್ಕಿನ ಭಾಗ ಅಂತ ದಾಖಲೆಯಲ್ಲಿ ತೋರಿಸಿ ಅಂತ ಈಗಲೇ ಕೇಳಿ.

ಮಂಜೂರಾಗುವ ತನಕ ಸುಮ್ನೆ ಕೂರಬೇಕಿಲ್ಲ. ಬೆಂಗಳೂರಿನಲ್ಲಿ 2013ರ ಅಕ್ಟೋಬರ್‌ನಲ್ಲಿ ಕಬ್ಬನ್ ಪಾರ್ಕಿನಿಂದ ಸೈಕಲ್ ಡೇ ಶುರುವಾಯಿತು, ಆಮೇಲೆ ಬಡಾವಣೆಗಳಿಗೂ ಹರಡಿತು. ನೀವೂ ಟ್ರಾಫಿಕ್ ಪೊಲೀಸರ ಅನುಮತಿ ಪಡೆದು ಒಂದು ಭಾನುವಾರ ಬೆಳಿಗ್ಗೆ ಶಾಲೆಯ ರಸ್ತೆಯಲ್ಲಿ ವಾಹನ ನಿಲ್ಲಿಸಿ, ಮಕ್ಕಳಿಗೆ ಬಿಟ್ಟುಕೊಡಿ. ವಾರ್ಡ್ ಸದಸ್ಯರನ್ನೂ ಜೂನಿಯರ್ ಎಂಜಿನಿಯರನ್ನೂ ಕರೆಯಿರಿ. ಹಳ್ಳದ ದಂಡೆಯನ್ನು ಅವತ್ತೇ ನಡೆಸಿ ತೋರಿಸಿ, ಗ್ರಾಮ ನಕಾಶೆಯ ಪ್ರತಿ ಕೈಯಲ್ಲಿರಲಿ.